ಮಕ್ಕಳ ಕೈಗೆ ಯಾವ ಆಟದ ಸೈಟ್ ಕೊಡೋದು? ಕೋಲಾರದ ಮನೆಗಳಿಗೆ ಒಂದು ಹೋಲಿಕೆ

ಪರೀಕ್ಷೆ ಮುಗಿದು ಏಪ್ರಿಲ್ ರಜೆ ಶುರುವಾಯಿತು ಅಂದರೆ ನಮ್ಮ ಕೋಲಾರದ ಕಡೆ ಮಕ್ಕಳಿಗೆ ಎರಡೇ ಕೆಲಸ. ಬೆಳಿಗ್ಗೆ ಮಾವಿನ ತೋಪು, ಮಧ್ಯಾಹ್ನ ಬಿಸಿಲಿಗೆ ಒಳಗೆ ಕೂತು ಮೊಬೈಲು. ತೋಪಿನ ಬಗ್ಗೆ ಯಾರದೂ ತಕರಾರಿಲ್ಲ. ಮೊಬೈಲಿನ ಬಗ್ಗೆ ಮಾತ್ರ ನನ್ನ ಹತ್ತಿರ ಟ್ಯೂಷನ್‌ಗೆ ಬರುವ ಮಕ್ಕಳ ಅಪ್ಪ ಅಮ್ಮ ಪ್ರತಿ ವರ್ಷ ಕೇಳುತ್ತಾರೆ: "ಹೆಂಗೂ ಬಿಡಲ್ಲ ಮಿಸ್, ಅದ್ರಲ್ಲೇ ಸ್ವಲ್ಪ ಕಲಿಯೋ ಹಂಗೆ ಏನಾದ್ರೂ ಇದ್ರೆ ಹೇಳಿ."

ಇವೆ. ಆ್ಯಪ್ ಇನ್‌ಸ್ಟಾಲ್ ಮಾಡದೆ, ಕ್ರೋಮ್‌ನಲ್ಲೇ ತೆರೆದು ಆಡುವಂಥವು. ಫೋನಿನಲ್ಲಿ ಜಾಗ ಇಲ್ಲ ಅನ್ನುವವರಿಗೆ ಇದೇ ಸರಿ. ಆದರೆ ಗೂಗಲ್‌ನಲ್ಲಿ 'ಎಜುಕೇಶನಲ್ ಗೇಮ್ಸ್' ಅಂತ ಹುಡುಕಿದರೆ ಮೇಲೆ ಬರುವುದೆಲ್ಲ ಒಳ್ಳೆಯದೇ ಅಂತ ನಂಬಬೇಡಿ.

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಐದರಿಂದ ಹತ್ತನೇ ಕ್ಲಾಸಿನವರೆಗೆ ವಿಜ್ಞಾನಕ್ಕೂ ಲೆಕ್ಕಕ್ಕೂ ಫೆಟ್ (PhET). ಕೋಡಿಂಗ್ ಅಂದರೇನು ಅಂತ ಗೊತ್ತಿಲ್ಲದ ಮಗುವಿಗೆ ಬ್ಲಾಕ್ಲಿ ಗೇಮ್ಸ್, ಆಮೇಲೆ ಸ್ಕ್ರ್ಯಾಚ್. ಇಂಗ್ಲಿಷ್ ಅಕ್ಷರ ಕಲಿಯುತ್ತಿರುವ ಪುಟ್ಟ ಮಗುವಿಗೆ ಸ್ಟಾರ್‌ಫಾಲ್. ಚೆಸ್‌ಗೆ ಲಿಚೆಸ್. ಯಾಕೆ ಅನ್ನುವುದು ಕೆಳಗಿದೆ.

ಮೊದಲು ಒಂದು ಪರೀಕ್ಷೆ

ಹೊಸ ಸೈಟ್ ತೆರೆದಾಗ ನಾನು ಮೊದಲು ನೋಡುವುದು ಇಷ್ಟೇ. ಪಾಠ ಆಟದ ಒಳಗಿದೆಯಾ, ಇಲ್ಲಾ ಆಟದ ಬಾಗಿಲಲ್ಲಿ ನಿಂತಿದೆಯಾ?

ಎಷ್ಟೋ ಆಟಗಳಲ್ಲಿ ಹುಡುಗ ಕಾರು ಓಡಿಸುತ್ತಿರುತ್ತಾನೆ. ನಡುವೆ 7×8 ಎಷ್ಟು ಅಂತ ಒಂದು ಪ್ರಶ್ನೆ ಬರುತ್ತದೆ. ಉತ್ತರ ಒತ್ತಿದರೆ ಮತ್ತೆ ಕಾರು. ಮುಳಬಾಗಿಲು ಕಡೆ ಹೈವೇಯಲ್ಲಿ ಟೋಲ್ ಕಟ್ಟಿ ಮುಂದೆ ಹೋದ ಹಾಗೆ. ಟೋಲ್ ಕಟ್ಟಿದ್ದರಿಂದ ಯಾರಿಗೂ ಡ್ರೈವಿಂಗ್ ಬರುವುದಿಲ್ಲ, ಅಲ್ವಾ? ಇನ್ನೊಂದು ಥರದ ಆಟದಲ್ಲಿ ಲೆಕ್ಕವೇ ಆಟ. ಭಿನ್ನರಾಶಿ ಅರ್ಥವಾಗದೆ ಮುಂದಿನ ಹಂತ ತೆರೆಯುವುದೇ ಇಲ್ಲ.

ಇದನ್ನು ಕಂಡುಹಿಡಿಯಲು ಅಪ್ಪ ಅಮ್ಮನಿಗೆ ಇಂಗ್ಲಿಷ್ ಬರಬೇಕಾಗಿಲ್ಲ. ಐದು ನಿಮಿಷ ನೀವೇ ಕೂತು ಬೇಕೆಂದೇ ತಪ್ಪು ಉತ್ತರ ಒತ್ತಿ. ಬರೀ ಕೆಂಪು ಬಣ್ಣ ತೋರಿಸಿ ಮುಂದಿನ ಪ್ರಶ್ನೆಗೆ ಹೋದರೆ ಅದು ಟೋಲ್ ಆಟ. ಯಾಕೆ ತಪ್ಪು ಅನ್ನುವುದು ಚಿತ್ರದಲ್ಲೇ ಕಾಣಿಸಿದರೆ ಒಳ್ಳೆಯ ಆಟ. ಆಮೇಲೆ ಕಣ್ಣು ಮುಚ್ಚಿ ಸುಮ್ನೆ ಎಲ್ಲೆಂದರಲ್ಲಿ ಒತ್ತಿ ನೋಡಿ. ಹಾಗೆ ಒತ್ತಿದರೂ ಗೆಲ್ಲುವಂತಿದ್ದರೆ ಮಗುವಿಗೆ ಆ ಗುಟ್ಟು ನಿಮಗಿಂತ ಬೇಗ ಗೊತ್ತಾಗುತ್ತದೆ.

ಟೋಲ್ ಆಟ ಪೂರ್ತಿ ದಂಡ ಅಂತಲೂ ಅಲ್ಲ. ಮಗ್ಗಿ ಬಾಯಿಪಾಠ ಆಗಬೇಕು ಅಂದರೆ ಮತ್ತೆ ಮತ್ತೆ ಕೇಳಬೇಕು, ಅದಕ್ಕೆ ಅದು ಸಾಕು. ಆದರೆ ಅದರಿಂದ ಲೆಕ್ಕ ಅರ್ಥವಾಗುತ್ತದೆ ಅಂತ ಕಾಯಬೇಡಿ.

ವಿಜ್ಞಾನಕ್ಕೆ ಫೆಟ್, ಅದಕ್ಕೆ ಸಮ ಇನ್ನೊಂದಿಲ್ಲ

ಫೆಟ್ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ್ದು. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ದುಡ್ಡಿಲ್ಲ, ಜಾಹೀರಾತಿಲ್ಲ, ಲಾಗಿನ್ ಇಲ್ಲ. ಅಲ್ಲಿರುವುದಕ್ಕೆ ಅವರು ಸಿಮ್ಯುಲೇಶನ್, ಅಂದರೆ ಪರದೆಯ ಮೇಲೇ ಮಾಡುವ ಪ್ರಯೋಗ, ಅನ್ನುತ್ತಾರೆ. ಮಕ್ಕಳು ಮಾತ್ರ ಆಟ ಅಂತಲೇ ಕರೆಯುತ್ತಾರೆ. ಕೆಲವದರಲ್ಲಿ 'ಗೇಮ್' ಅಂತ ಬೇರೆ ಭಾಗವೇ ಇದೆ, ನಕ್ಷತ್ರ ಗಳಿಸುತ್ತಾ ಹಂತ ದಾಟಬೇಕು. ಪರಮಾಣು ಕಟ್ಟುವುದು, ರಾಸಾಯನಿಕ ಸಮೀಕರಣ ಸರಿದೂಗಿಸುವುದು, ಚೌಕ ಜೋಡಿಸಿ ವಿಸ್ತೀರ್ಣ ಮಾಡುವುದು, ಭಿನ್ನರಾಶಿ ಹೊಂದಿಸುವುದು, ಇವೆಲ್ಲ ಹಾಗಿವೆ.

ನನಗೆ ಎಲ್ಲಕ್ಕಿಂತ ಇಷ್ಟ ಸರ್ಕ್ಯೂಟ್ ಕಟ್ಟುವ ಆಟ. ಬ್ಯಾಟರಿ, ಬಲ್ಬು, ವೈರು, ಸ್ವಿಚ್ಚು ಎಳೆದು ತಂದು ಜೋಡಿಸಬೇಕು. ವೈರಿನೊಳಗೆ ಎಲೆಕ್ಟ್ರಾನ್‌ಗಳು ಓಡುವುದು ಕಾಣುತ್ತದೆ. ಬಲ್ಬ್ ಇಲ್ಲದೆ ಬ್ಯಾಟರಿಯ ಎರಡು ತುದಿಯನ್ನು ನೇರ ಜೋಡಿಸಿದರೆ ಬೆಂಕಿ ಹತ್ತುತ್ತದೆ. ಮಕ್ಕಳು ಇದನ್ನು ಬೇಕೆಂದೇ ಹಚ್ಚುತ್ತಾರೆ, ಹಚ್ಚಲಿ ಬಿಡಿ. ಮನೆಯ ಪ್ಲಗ್ಗಿನಲ್ಲಿ ಹಚ್ಚುವುದಕ್ಕಿಂತ ಇಲ್ಲಿ ಹಚ್ಚುವುದು ಮೇಲು. ನಾಣ್ಯ, ಪೆನ್ಸಿಲ್, ರಬ್ಬರ್ ಕೂಡ ನಡುವೆ ಇಟ್ಟು ಕರೆಂಟ್ ಹರಿಯುತ್ತದಾ ಅಂತ ನೋಡಬಹುದು.

ಹತ್ತನೇ ಕ್ಲಾಸಿನಲ್ಲಿ ಸರಣಿ ಜೋಡಣೆ, ಸಮಾಂತರ ಜೋಡಣೆ ಅಂತ ಬರುತ್ತದಲ್ಲ, ಬಾಯಿಪಾಠ ಮಾಡಿದವರಿಗೆ ಪರೀಕ್ಷೆಯ ದಿನ ಎರಡೂ ಅದಲುಬದಲು. ಇಲ್ಲಿ ಮೂರು ಬಲ್ಬನ್ನು ಸರಣಿಯಲ್ಲಿ ಹಾಕಿ ಒಂದನ್ನು ಕಿತ್ತರೆ ಮೂರೂ ಆರುತ್ತವೆ. ಗಣೇಶನ ಹಬ್ಬದ ಹಳೆಯ ಸೀರಿಯಲ್ ಸೆಟ್‌ನಲ್ಲಿ ಒಂದು ಬಲ್ಬ್ ಹೋದರೆ ಇಡೀ ಸಾಲು ಯಾಕೆ ಆರಿಹೋಗುತ್ತಿತ್ತು ಅಂತ ಆಗ ತಾನಾಗಿಯೇ ಹೊಳೆಯುತ್ತದೆ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ತಂದ ಜಿಲ್ಲೆ ನಮ್ಮದು. ಇಲ್ಲಿನ ಮಕ್ಕಳಿಗೆ ಓಮ್‌ನ ನಿಯಮ ಬರೀ ಬೋರ್ಡಿನ ಮೇಲಿನ ಸೂತ್ರ ಆಗಿ ಉಳಿಯಬಾರದು ಅನ್ನುವುದು ನನ್ನ ಹಟ.

ಫೆಟ್‌ನ ಇನ್ನೊಂದು ಗುಣ ಭಾಷೆ. ಎಲ್ಲವೂ ಅಲ್ಲ, ಹಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲಿವೆ. ತೆಲುಗು, ತಮಿಳಿನಲ್ಲೂ ಇವೆ. ಶ್ರೀನಿವಾಸಪುರ, ಮುಳಬಾಗಿಲು ಕಡೆ ಮನೆಮಾತು ತೆಲುಗು, ಶಾಲೆ ಕನ್ನಡ. ಕೆಜಿಎಫ್‌ನಲ್ಲಿ ಮನೆಮಾತು ತಮಿಳು. ಅಕ್ಕ ಕನ್ನಡದಲ್ಲಿ, ಅಜ್ಜಿ ತೆಲುಗಿನಲ್ಲಿ ಒಂದೇ ಆಟ ನೋಡಬಹುದು ಅನ್ನುವುದು ಸಣ್ಣ ಮಾತಲ್ಲ. ಅನುವಾದ ಮಾಡಿದವರು ಸ್ವಯಂಸೇವಕರು. ಹಾಗಾಗಿ ಅಲ್ಲೊಂದು ಇಲ್ಲೊಂದು ಪದ ನಮ್ಮ ಪಠ್ಯಪುಸ್ತಕದ ಹಾಗೆ ಇರುವುದಿಲ್ಲ. ಪರೀಕ್ಷೆಗೆ ಪುಸ್ತಕದ ಪದವನ್ನೇ ಬರೆಯಲು ಹೇಳಿ.

ಕೊರತೆ ಇಲ್ಲವೇ? ಇದೆ. ಫೆಟ್ ತಾನಾಗಿ ಏನನ್ನೂ ಹೇಳಿಕೊಡುವುದಿಲ್ಲ. ಸುಮ್ನೆ ಕೊಟ್ಟು ಎದ್ದು ಹೋದರೆ ಮಗು ಫಿರಂಗಿಯಿಂದ ಕುಂಬಳಕಾಯಿ, ಪಿಯಾನೋ ಹಾರಿಸುತ್ತಾ ಕೂರುತ್ತದೆ (ಅಂಥ ಆಟವೂ ಅಲ್ಲಿದೆ), ಆಮೇಲೆ ಬೇಜಾರಾಗಿ ಯೂಟ್ಯೂಬ್‌ಗೆ ಹೋಗುತ್ತದೆ. ಒಂದು ಪ್ರಶ್ನೆ ಕೊಟ್ಟು ಕೂರಿಸಬೇಕು. 'ಎಷ್ಟು ಡಿಗ್ರಿಯಲ್ಲಿ ಹಾರಿಸಿದರೆ ಅತಿ ದೂರ ಬೀಳುತ್ತದೆ, ಕಂಡುಹಿಡಿದು ಹೇಳು' ಅಂದರೆ ಸಾಕು, ಅರ್ಧ ಗಂಟೆ ಸದ್ದಿರುವುದಿಲ್ಲ.

ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ರೇಖಾಗಣಿತಕ್ಕೆ ಮಾತ್ರ ಫೆಟ್‌ಗಿಂತ ಜಿಯೋಜೀಬ್ರಾ ಮುಂದು. ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ ಶುರು ಮಾಡಿದ್ದು. ವೃತ್ತಕ್ಕೆ ಸ್ಪರ್ಶಕ ಎಳೆದು ಬಿಂದುವನ್ನು ಬೆರಳಲ್ಲಿ ಜಾರಿಸಿದರೆ ತ್ರಿಜ್ಯದ ಜೊತೆಗಿನ ಕೋನ 90 ಡಿಗ್ರಿಯಲ್ಲೇ ನಿಲ್ಲುವುದು ಕಾಣುತ್ತದೆ. ಇದು ಆಟ ಅಲ್ಲ, ನಕ್ಷತ್ರ ಗಿಕ್ಷತ್ರ ಏನೂ ಸಿಗುವುದಿಲ್ಲ. ಸಣ್ಣವರಿಗೆ ಬೇಡ.

ಕೋಡಿಂಗ್: ಮೂರರಲ್ಲಿ ಯಾವುದು?

ಕೋಡಿಂಗ್ ಕ್ಲಾಸಿಗೆ ಸಾವಿರಾರು ರೂಪಾಯಿ ಕಟ್ಟುವ ಮೊದಲು ಈ ಮೂರನ್ನು ನೋಡಿ. ಮೂರೂ ಉಚಿತ.

ಬ್ಲಾಕ್ಲಿ ಗೇಮ್ಸ್ ಗೂಗಲ್‌ನವರು ಮಾಡಿದ್ದು. ಲಾಗಿನ್ ಇಲ್ಲ, ಜಾಹೀರಾತಿಲ್ಲ. ಅದರಲ್ಲಿರುವ ಮೇಜ್ (ದಾರಿ ಹುಡುಕುವ) ಆಟಕ್ಕೆ ಹತ್ತು ಹಂತ. ಬ್ಲಾಕ್‌ಗಳನ್ನು (ಒಂದೊಂದು ಬ್ಲಾಕೂ ಒಂದು ಆದೇಶ) ಒಂದರ ಕೆಳಗೊಂದು ಪೋಣಿಸಿ ಗೊಂಬೆಯನ್ನು ಗುರಿ ಮುಟ್ಟಿಸಬೇಕು. ಮೊದಮೊದಲು ಸಲೀಸು. ಆಮೇಲೆ 'ಇಷ್ಟೇ ಬ್ಲಾಕ್ ಬಳಸಬೇಕು' ಅಂತ ಮಿತಿ ಹಾಕುತ್ತದೆ. ಆಗ 'ಮುಂದೆ ಹೋಗು, ಮುಂದೆ ಹೋಗು' ಅಂತ ಉದ್ದಕ್ಕೆ ಜೋಡಿಸಲು ಆಗುವುದಿಲ್ಲ, 'ಮತ್ತೆ ಮತ್ತೆ ಮಾಡು' ಅನ್ನುವ ಬ್ಲಾಕ್ ಹುಡುಕಲೇಬೇಕು. ಲೂಪ್ ಅಂದರೆ ಇದೇ ಅಂತ ಯಾರೂ ಹೇಳಿಕೊಡದೆ ಬರುತ್ತದೆ. ಗೆದ್ದ ಮೇಲೆ ಅದೇ ಕೆಲಸವನ್ನು ಜಾವಾಸ್ಕ್ರಿಪ್ಟ್ ಅನ್ನುವ ಕೋಡಿಂಗ್ ಭಾಷೆಯಲ್ಲಿ ಬರೆದ ಸಾಲುಗಳನ್ನೂ ತೋರಿಸುತ್ತದೆ. ನೋಡಲು ಸಪ್ಪೆ. ಬಣ್ಣ, ಸದ್ದು ಕಡಿಮೆ. ನನಗೇನೋ ಅದೇ ಇಷ್ಟ.

ಕೋಡ್ ಡಾಟ್ ಆರ್ಗ್ 2013ರಲ್ಲಿ ಶುರುವಾಗಿ 'ಅವರ್ ಆಫ್ ಕೋಡ್' ಕಾರ್ಯಕ್ರಮದಿಂದ ಹೆಸರಾದದ್ದು. ಆ್ಯಂಗ್ರಿ ಬರ್ಡ್ಸ್, ಮೈನ್‌ಕ್ರಾಫ್ಟ್ ಗೊಂಬೆಗಳಿವೆ, ಹಾಗಾಗಿ ಮಕ್ಕಳು ಬೇಗ ಒಲಿಯುತ್ತಾರೆ. ನಡುನಡುವೆ ವಿಡಿಯೋಗಳು ಬರುತ್ತವೆ, ಡೇಟಾ ತಿನ್ನುತ್ತವೆ. ಶಾಲೆಯಲ್ಲಿ ಟೀಚರ್ ಒಬ್ಬರು ಇಡೀ ಕ್ಲಾಸಿಗೆ ಹಂತಹಂತವಾಗಿ ಕಲಿಸಬೇಕು ಅಂದರೆ ಬ್ಲಾಕ್ಲಿಗಿಂತ ಇದು ಅನುಕೂಲ. ಮನೆಯಲ್ಲಿ ಒಬ್ಬ ಮಗುವಿಗೆ ಯಾವುದಾದರೂ ನಡೆಯುತ್ತದೆ.

ಸ್ಕ್ರ್ಯಾಚ್ ಇವೆರಡಕ್ಕಿಂತ ದೊಡ್ಡದು. ಅಮೆರಿಕದ ಎಂಐಟಿ ಅನ್ನುವ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದದ್ದು, 8ರಿಂದ 16 ವರ್ಷದವರಿಗೆ ಅಂತಲೇ ಮಾಡಿದ್ದು. ಇಲ್ಲಿ ಮಗು ಆಟ ಆಡುವುದಲ್ಲ, ಆಟ ಮಾಡುತ್ತದೆ. ಬೆಕ್ಕನ್ನು ಓಡಿಸಬಹುದು, ಕಥೆ ಹೇಳಿಸಬಹುದು, ತನ್ನದೇ ದನಿ ರೆಕಾರ್ಡ್ ಮಾಡಬಹುದು. ತೊಂದರೆ ಏನೆಂದರೆ, ಅಲ್ಲಿ ಬೇರೆ ಮಕ್ಕಳು ಮಾಡಿಟ್ಟ ಆಟಗಳು ರಾಶಿ ಬಿದ್ದಿವೆ. ನಿಮ್ಮ ಮಗ 'ಕೋಡಿಂಗ್ ಮಾಡ್ತಿದೀನಮ್ಮ' ಅಂತ ದಿನವೆಲ್ಲ ಅವುಗಳನ್ನೇ ಆಡುತ್ತಿರಬಹುದು. ಅದಕ್ಕೆ ಒಂದು ಕಟ್ಟುಪಾಡು ಹಾಕಿ. ಯಾವ ಆಟ ಆಡಿದರೂ 'ಸೀ ಇನ್‌ಸೈಡ್' ಒತ್ತಿ ಒಳಗಿನ ಬ್ಲಾಕ್‌ಗಳನ್ನು ತೆರೆಯಬೇಕು, ಒಂದಾದರೂ ಸಂಖ್ಯೆ ಬದಲಿಸಿ ಏನಾಯಿತು ಅಂತ ತೋರಿಸಬೇಕು. ಗೊಂಬೆ ಓಡುವ ವೇಗ 10 ಇದ್ದದ್ದು 100 ಮಾಡಿದರೆ ಗೋಡೆ ದಾಟಿ ಹಾರಿಹೋಗುತ್ತದೆ. ಯಾಕೆ ಹಾರಿತು ಅಂತ ಹುಡುಕಲು ಹೊರಟರೆ ಕಲಿಕೆ ಶುರುವಾಯಿತು ಅಂತಲೇ ಲೆಕ್ಕ.

ಸ್ಕ್ರ್ಯಾಚ್‌ಗೆ ಲಾಗಿನ್ ಕಡ್ಡಾಯ ಅಲ್ಲ. ಮಾಡಿದ ಆಟವನ್ನು ಫೈಲ್ ಆಗಿ ಕಂಪ್ಯೂಟರ್‌ನಲ್ಲೇ ಉಳಿಸಿಕೊಳ್ಳಬಹುದು. ಬೇರೆಯವರಿಗೆ ತೋರಿಸಬೇಕು ಅಂದಾಗ ಮಾತ್ರ ಖಾತೆ ಬೇಕು, ಆಗಲೂ ನಿಜ ಹೆಸರು ಹಾಕಬೇಡಿ ಅಂತ ಸೈಟೇ ಹೇಳುತ್ತದೆ. ಸಣ್ಣ ಫೋನಿನಲ್ಲಿ ಇದು ಸರಿಬರುವುದಿಲ್ಲ. ಕಂಪ್ಯೂಟರ್ ಅಥವಾ ಟ್ಯಾಬ್ ಬೇಕು. ಫೋನ್ ಒಂದೇ ಇರುವ ಮನೆಗೆ ಬ್ಲಾಕ್ಲಿಯೇ ಗತಿ.

ಲೆಕ್ಕದ ಅಭ್ಯಾಸಕ್ಕೆ

ಪ್ರಾಡಿಜಿ ಅನ್ನುವುದು ಕೆನಡಾದ ಕಂಪನಿಯದು. ಮಾಯಾಲೋಕ, ಪ್ರಾಣಿಗಳು, ಯುದ್ಧ. ಲೆಕ್ಕ ಸರಿ ಮಾಡಿದರೆ ಮಂತ್ರ ಹಾಕಬಹುದು. ಮೇಲೆ ಹೇಳಿದ ಟೋಲ್ ಆಟದ ಪಕ್ಕಾ ಮಾದರಿ ಇದು, ಆದರೆ ಚೆನ್ನಾಗಿ ಮಾಡಿದ ಟೋಲ್. ಮಗುವಿನ ಮಟ್ಟ ನೋಡಿ ಪ್ರಶ್ನೆ ಸುಲಭ, ಕಷ್ಟ ಮಾಡುತ್ತದೆ. ಖಾತೆ ತೆರೆಯಲೇಬೇಕು. ಆಡಲು ದುಡ್ಡು ಬೇಡ, ಆದರೆ ದುಡ್ಡು ಕೊಟ್ಟವರಿಗೆ ಜಾಸ್ತಿ ಸಾಮಾನು ಸಿಗುತ್ತದೆ, ಅದು ಕೊಡದವರ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಇದರ ಬಗ್ಗೆ 2021ರಲ್ಲಿ ಅಮೆರಿಕದ ಮಕ್ಕಳ ಪರ ಸಂಘಟನೆಗಳು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್‌ಗೆ ದೂರನ್ನೂ ಕೊಟ್ಟಿದ್ದವು. 'ಅಮ್ಮಾ, ಮೆಂಬರ್‌ಶಿಪ್' ಅನ್ನುವ ರಾಗ ತಡೆದುಕೊಳ್ಳುವ ಶಕ್ತಿ ಇದ್ದರೆ ಕೊಡಿ.

ಕೂಲ್‌ಮ್ಯಾತ್ ಗೇಮ್ಸ್ 1997ರಿಂದಲೂ ಇದೆ. ಹೆಸರಿನಲ್ಲಿ ಮ್ಯಾತ್ ಇದ್ದರೂ ಅಲ್ಲಿರುವ ಬಹುಪಾಲು ಆಟಗಳಿಗೂ ಪಠ್ಯದ ಲೆಕ್ಕಕ್ಕೂ ಸಂಬಂಧವಿಲ್ಲ. ತಲೆ ಓಡಿಸುವ ಒಗಟಿನ ಆಟಗಳಿವೆ, ಸುಮ್ನೆ ಓಡುವ ಆಟಗಳೂ ಇವೆ. ಜಾಹೀರಾತು ಇದೆ. ಭಾನುವಾರ ಸಂಜೆಯ ಮನರಂಜನೆಗೆ ತಕರಾರಿಲ್ಲ. 'ಲೆಕ್ಕ ಮಾಡ್ತಿದೀನಿ' ಅಂದರೆ ನಂಬಬೇಡಿ.

ನನ್ನನ್ನು ಕೇಳಿದರೆ ಮೂರರಿಂದ ಐದನೇ ಕ್ಲಾಸಿನ ಮಗುವಿಗೆ ಮಗ್ಗಿ ಬಾಯಲ್ಲೇ ಹೇಳಿಸಿ, ಭಿನ್ನರಾಶಿಗೆ ಫೆಟ್ ಕೊಡಿ. ಖರ್ಚೂ ಇಲ್ಲ, ರಾಗವೂ ಇಲ್ಲ.

ಪುಟ್ಟ ಮಕ್ಕಳಿಗೆ

ಸ್ಟಾರ್‌ಫಾಲ್ 2002ರಿಂದ ಇದೆ. ಅಕ್ಷರ ಒತ್ತಿದರೆ ಅದರ ಸದ್ದು ಕೇಳಿಸುತ್ತದೆ, ಸದ್ದು ಸೇರಿಸಿ ಪದ ಓದಿಸುತ್ತದೆ. ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಓದು ಅಂಟಿಸಲು ಇದು ಒಳ್ಳೆಯದು, ಯಾಕೆಂದರೆ ನಮ್ಮಲ್ಲಿ 'ಸಿ ಎ ಟಿ ಕ್ಯಾಟ್' ಅಂತ ಉರು ಹೊಡೆಸುತ್ತಾರೆ, ಸದ್ದು ಹೇಳಿಕೊಡುವುದು ಕಡಿಮೆ. ಉಚ್ಚಾರ ಅಮೆರಿಕದ್ದು, ಅದೊಂದು ಸಹಿಸಿಕೊಳ್ಳಿ. ಒಂದಷ್ಟು ಭಾಗ ಉಚಿತ, ಉಳಿದದ್ದಕ್ಕೆ ಚಂದಾ. ಉಚಿತ ಭಾಗ ಮುಗಿಸಲೇ ಒಂದು ರಜೆ ಸಾಕು.

ಎಬಿಸಿಯಾ ಕೂಡ ಇದೆ. ಆಟಗಳು ಜಾಸ್ತಿ, ತರಗತಿವಾರು ಜೋಡಿಸಿದ್ದಾರೆ. ಆದರೆ ಉಚಿತವಾಗಿ ಆಡಿದರೆ ಜಾಹೀರಾತು ಬರುತ್ತದೆ, ಸಣ್ಣ ಬೆರಳು ಅದರ ಮೇಲೇ ಬೀಳುತ್ತದೆ. ನಾಲ್ಕೈದು ವರ್ಷದ ಮಗುವಾದರೆ ಪಕ್ಕದಲ್ಲಿ ಕೂರಲು ದೊಡ್ಡವರೊಬ್ಬರು ಬೇಕು.

ಇನ್ನೆರಡು

ಚೆಸ್‌ಗೆ ಲಿಚೆಸ್ ಬಿಟ್ಟು ಬೇರೆ ನೋಡುವ ಅಗತ್ಯವೇ ಇಲ್ಲ. 2010ರಲ್ಲಿ ಶುರುವಾದದ್ದು, ಪೂರ್ತಿ ಉಚಿತ, ಜಾಹೀರಾತಿಲ್ಲ. ಕನ್ನಡದಲ್ಲೂ ತೆರೆಯಬಹುದು. 'ಕಲಿಯಿರಿ' ಭಾಗದಲ್ಲಿ ಆನೆ ಹೇಗೆ ನಡೆಯುತ್ತದೆ, ಕುದುರೆ ಹೇಗೆ ನೆಗೆಯುತ್ತದೆ ಅಂತ ನಕ್ಷತ್ರ ಆರಿಸುತ್ತಾ ಕಲಿಸುತ್ತದೆ. ಖಾತೆ ಮಾಡಿದರೆ ಸೆಟ್ಟಿಂಗ್ಸ್‌ನಲ್ಲಿ 'ಕಿಡ್ ಮೋಡ್' ಹಾಕಿಬಿಡಿ. ಅಪರಿಚಿತರ ಮೆಸೇಜು, ಚಾಟು ಎಲ್ಲ ನಿಂತುಹೋಗುತ್ತದೆ.

ನಕ್ಷೆ ಕಲಿಯಲು ಸೆಟೆರಾ. ರಾಜ್ಯದ ಹೆಸರು ಬರುತ್ತದೆ, ನಕ್ಷೆಯಲ್ಲಿ ಮುಟ್ಟಬೇಕು. ಚೆನ್ನಾಗಿದೆ. ಆದರೆ ವಿದೇಶಿ ಸೈಟ್‌ಗಳಲ್ಲಿ ಭಾರತದ ಗಡಿ ನಮ್ಮ ಪುಸ್ತಕದಲ್ಲಿ ಇರುವ ಹಾಗೆಯೇ ಇರುತ್ತದೆ ಅಂತ ಹೇಳಲು ಬಾರದು. ಪರೀಕ್ಷೆಯ ನಕ್ಷೆಗೆ ಪಠ್ಯಪುಸ್ತಕವೇ ಪ್ರಮಾಣ. ಕರ್ನಾಟಕದ ಜಿಲ್ಲೆಗಳ ಆಟ ಎಲ್ಲಾದರೂ ಸಿಕ್ಕರೆ ಮೊದಲು ಚಿಕ್ಕಬಳ್ಳಾಪುರ ಇದೆಯಾ ನೋಡಿ. 2007ರಲ್ಲಿ ಅದು ನಮ್ಮ ಜಿಲ್ಲೆಯಿಂದ ಬೇರೆಯಾಯಿತು. ಇನ್ನೂ ಅಖಂಡ ಕೋಲಾರ ತೋರಿಸುತ್ತಿದ್ದರೆ ಅದು ಹಳೇ ಸರಕು.

ನೆಟ್ ಇಲ್ಲದ ಊರಿಗೆ

ಟವರ್ ಸಿಗದ, ಮಧ್ಯಾಹ್ನ ಕರೆಂಟ್ ಹೋಗುವ ಊರುಗಳಿಗೆ ಫೆಟ್ ಮತ್ತೆ ಗೆಲ್ಲುತ್ತದೆ. ಪ್ರತಿ ಸಿಮ್ಯುಲೇಶನ್ ಕೆಳಗೆ ಡೌನ್‌ಲೋಡ್ ಗುರುತು ಇದೆ. ಒತ್ತಿದರೆ ಕೆಲವೇ ಎಂಬಿಯ ಒಂದು ಫೈಲ್ ಬರುತ್ತದೆ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಯಾವ ಕಂಪ್ಯೂಟರ್‌ನಲ್ಲಾದರೂ ನೆಟ್ ಇಲ್ಲದೆ ತೆರೆಯಬಹುದು. ಬ್ಲಾಕ್ಲಿ, ಸ್ಕ್ರ್ಯಾಚ್ ಎರಡಕ್ಕೂ ಆಫ್‌ಲೈನ್ ರೂಪ ಇದೆ. ಪ್ರಾಡಿಜಿಗೆ ನೆಟ್ ಬೇಕೇ ಬೇಕು.

ಗ್ರಾಮ ಪಂಚಾಯಿತಿ ಲೈಬ್ರರಿಗಳು ಈಗ ಅರಿವು ಕೇಂದ್ರಗಳಾಗಿವೆ, ಎಷ್ಟೋ ಕಡೆ ಕಂಪ್ಯೂಟರೂ ಇದೆ. ಫೋನಿನಲ್ಲಿ ಆಗದ ಸ್ಕ್ರ್ಯಾಚ್‌ಗೆ ಅದೇ ಜಾಗ. ಅಲ್ಲಿ ನಾಲ್ಕು ಜನ ಬಳಸುವ ಕಂಪ್ಯೂಟರ್ ಆದ್ದರಿಂದ ಲಾಗಿನ್ ಬೇಡದ ಸೈಟ್‌ಗಳನ್ನೇ ಆರಿಸಿ. ಲೈಬ್ರರಿಯನ್ ಒಪ್ಪಿದರೆ ಫೆಟ್ ಫೈಲ್‌ಗಳನ್ನು ಡೆಸ್ಕ್‌ಟಾಪ್‌ನಲ್ಲೇ ಹಾಕಿಟ್ಟು ಬನ್ನಿ, ಬೇರೆ ಮಕ್ಕಳಿಗೂ ಆಗುತ್ತದೆ.

ಲಾಗಿನ್, ಜಾಹೀರಾತು, ಮೋಸ

ಯಾವುದಾದರೂ ಸೈಟ್ 'ಫ್ಲ್ಯಾಶ್ ಪ್ಲೇಯರ್ (ಮೊದಲು ಬ್ರೌಸರ್‌ನಲ್ಲಿ ಆಟ, ವಿಡಿಯೋ ನಡೆಸುತ್ತಿದ್ದ ಸಾಫ್ಟ್‌ವೇರ್) ಇನ್‌ಸ್ಟಾಲ್ ಮಾಡಿ' ಅಂದರೆ ತಕ್ಷಣ ಮುಚ್ಚಿ. 2020ರ ಡಿಸೆಂಬರ್ 31ಕ್ಕೆ ಅಡೋಬಿಯವರೇ ಫ್ಲ್ಯಾಶ್ ನಿಲ್ಲಿಸಿದ್ದಾರೆ. ಈಗ ಅದನ್ನು ಹಾಕಿಸಲು ಕೇಳುವವರು ಬೇರೇನೋ ಹಾಕಿಸುತ್ತಾರೆ.

ದೊಡ್ಡ ಮಕ್ಕಳು 'ಅನ್‌ಬ್ಲಾಕ್ಡ್ ಗೇಮ್ಸ್' ಅಂತ ಹುಡುಕುತ್ತಾರೆ. ಶಾಲೆಯ ಕಂಪ್ಯೂಟರ್‌ನಲ್ಲಿ ತಡೆದಿರುವ ಆಟಗಳನ್ನು ನಕಲು ಮಾಡಿಟ್ಟ ಸೈಟ್‌ಗಳು ಅವು. ಯಾರು ನಡೆಸುತ್ತಾರೆ ಅನ್ನುವುದಕ್ಕೆ ಹೆಸರು, ವಿಳಾಸ ಇರುವುದಿಲ್ಲ, ಜಾಹೀರಾತು ಮಾತ್ರ ಮೈತುಂಬ. ಬ್ರೌಸರ್ ಹಿಸ್ಟರಿಯಲ್ಲಿ ಈ ಪದ ಕಂಡರೆ ಬೈಯುವ ಮೊದಲು ಯಾವ ಆಟ ಬೇಕಿತ್ತು ಅಂತ ಕೇಳಿ. ಅದೇ ಆಟ ಒಳ್ಳೆಯ ಸೈಟ್‌ನಲ್ಲೂ ಇರಬಹುದು.

ಖಾತೆ ತೆರೆಯಬೇಕಾದಾಗ ನಿಮ್ಮ ಇಮೇಲ್ ಕೊಡಿ, ಮಗುವಿನ ಹೆಸರು, ಶಾಲೆ, ಫೋಟೋ ಕೊಡಬೇಡಿ. ನಮ್ಮ 2023ರ ಡಿಜಿಟಲ್ ದತ್ತಾಂಶ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಅಮೆರಿಕದ ಸೈಟ್‌ಗಳು ಸಾಮಾನ್ಯವಾಗಿ ತಮ್ಮ ಕಾನೂನಿನಂತೆ 13 ವರ್ಷಕ್ಕೆ ಗೆರೆ ಎಳೆಯುತ್ತವೆ. 13 ತುಂಬಿದ ಮಗುವಿಗೆ ಆ ಸೈಟ್ ಯಾವ ಒಪ್ಪಿಗೆಯನ್ನೂ ಕೇಳದೆ ಖಾತೆ ಕೊಡಬಹುದು, ನಿಮ್ಮ ಕಣ್ಣು ಅಲ್ಲಿರಲಿ.

ಆರಿಸಿಕೊಂಡ ಸೈಟ್‌ಗಳನ್ನು ಕ್ರೋಮ್‌ನ ಮೂರು ಚುಕ್ಕಿ ಒತ್ತಿ 'ಆ್ಯಡ್ ಟು ಹೋಮ್ ಸ್ಕ್ರೀನ್' ಮಾಡಿಬಿಡಿ. ಆ್ಯಪ್ ಥರ ಗುರುತು ಬಂದು ಕೂರುತ್ತದೆ, ಮಗು ಗೂಗಲ್‌ನಲ್ಲಿ ಹುಡುಕುತ್ತಾ ದಾರಿ ತಪ್ಪುವ ಪ್ರಶ್ನೆ ಅರ್ಧ ಕಡಿಮೆಯಾಗುತ್ತದೆ. ಇನ್ನೂ ಬಿಗಿ ಬೇಕಿದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್‌ನಲ್ಲಿ 'ಒಪ್ಪಿಗೆ ಕೊಟ್ಟ ಸೈಟ್ ಮಾತ್ರ' ಅನ್ನುವ ಆಯ್ಕೆ ಇದೆ. ಅದಕ್ಕೆ ಮಗುವಿನ ಫೋನೇ ಬೇರೆ ಇರಬೇಕು. ಅಪ್ಪನ ಫೋನಿನಲ್ಲೇ ಆಡುವ ಮನೆಗಳಲ್ಲಿ ಅಪ್ಪನ ಫೋನ್‌ಪೇಗೆ ಒಂದು ಲಾಕ್ ಹಾಕಿ ಕೊಡಿ.